ಶಕ್ಕರ್ ಎಂಬ ಬೆಕ್ಕಿನ ಮೈ ಒರೆಸಿದ ದಿನ

ಪಶುವೈದ್ಯರಾಗಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಎಮ್ಮೆಯ ಕಷ್ಟದ ಹೆರಿಗೆ, ಎತ್ತುಗಳ ಕಾಲುಬಾಯಿ ಬೇನೆ, ರಾತ್ರೋರಾತ್ರಿ ಹಿಂಡುಗಟ್ಟಲೆ ಸತ್ತ ಕುರಿಗಳು, ಇಂಥವನ್ನು ಕೇಳಬೇಕೆಂದು ಅವರಿಗೆ ಆಸೆ. ಅವೆಲ್ಲ ಅವರ ಪುಸ್ತಕಗಳಲ್ಲಿ ನಾನು ಹೇಳುವುದಕ್ಕಿಂತ ಚೆನ್ನಾಗಿಯೇ ಇವೆ. ನಾನು ಬೆಕ್ಕಿನ ಮೈ ಒರೆಸುವ ವಿಷಯ ತೆಗೆಯುತ್ತೇನೆ. ಮೊದಲು ನಗುತ್ತಾರೆ. ಆಮೇಲೆ ಅವರ ಚಹಾ ಆರಿಹೋಗುತ್ತದೆ. ಈಚೆಗೆ ಬಂದಿದ್ದ ಒಬ್ಬಳು, "ಸರ್, ಇದನ್ನ ನೀವು ಬರದು ಇಡ್ಬೇಕ್ರೀ" ಎಂದು ಗಟ್ಟಿಯಾಗಿ ಹೇಳಿಹೋದಳು. ಅದಕ್ಕೇ ಈ ಬರಹ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಇದರಲ್ಲಿಲ್ಲ. ಅದು ನನ್ನ ಮನೆಯವರಿಗೇ ನೆನಪಿಲ್ಲ.

ನಾನು ಕೆಲಸ ಮಾಡಿದ್ದು ಎಪ್ಪತ್ತು ಮತ್ತು ಎಂಬತ್ತರ ದಶಕದಲ್ಲಿ, ದೇವದುರ್ಗ, ಮಾನ್ವಿ, ರಾಯಚೂರುಗಳಲ್ಲಿ. ಆಗ ಬೆಕ್ಕನ್ನು ದವಾಖಾನೆಗೆ ತರುವವರು ಯಾರೂ ಇರಲಿಲ್ಲ. ಎತ್ತು ಕುಂಟಿದರೆ ಹೊಲ ನಿಲ್ಲುತ್ತಿತ್ತು, ಎಮ್ಮೆ ಮೇವು ಬಿಟ್ಟರೆ ಮನೆಯ ಹಾಲು ನಿಲ್ಲುತ್ತಿತ್ತು. ಬೆಕ್ಕು ಬೇನೆ ಬಿದ್ದರೆ ಏನೂ ನಿಲ್ಲುತ್ತಿರಲಿಲ್ಲ. ಅದು ಒಂದು ಮೂಲೆ ಹಿಡಿದು, ತಾನಾಗಿ ಗುಣವಾದರೆ ಎದ್ದು ಬರುತ್ತಿತ್ತು.

ದೇವದುರ್ಗದಲ್ಲಿದ್ದಾಗ ಒಮ್ಮೆ ಮಸರಕಲ್ಲಿಗೆ ಕುರಿಗಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದೆ. ಬೀರಪ್ಪ ಎಂಬ ಕುರಿಗಾರನ ಹಟ್ಟಿ. ಹೇನು, ಉಣ್ಣಿ ಸಾಯಲೆಂದು ಕುರಿಗಳನ್ನು ಔಷಧ ಕಲಸಿದ ನೀರಿನ ಗುಂಡಿಯಲ್ಲಿ ಮುಳುಗಿಸಿ ತೆಗೆಯುವ ಕೆಲಸ ಬೆಳಿಗ್ಗೆಯಿಂದಲೇ ನಡೆದಿತ್ತು. ನಾನು ಮುಟ್ಟುವ ಹೊತ್ತಿಗೆ ಕೆಲಸ ಮುಗಿದು, ಒದ್ದೆ ಕುರಿಗಳು ಬಿಸಿಲಿಗೆ ನಿಂತು ಮೈ ಕೊಡವುತ್ತಿದ್ದವು. ಬೀರಪ್ಪ ಭಾರಿ ಖುಷಿಯಲ್ಲಿದ್ದ.

"ಸಾಹೇಬ್ರ, ಇವತ್ತ ನಮ್ಮ ಬೆಕ್ಕಿಗೂ ಜಳಕ ಆತು ನೋಡ್ರಿ" ಎಂದ. "ಒಂದ್ ಸವನ ಕೆರಕೊಳ್ಳಾಕತ್ತಿತ್ತು. ಕುರಿ ಸಂಗಾಟ ಅದನ್ನೂ ಅದ್ದಿ ತಗದೀನಿ."

ಅವನ ಹೆಂಡತಿ ಮಾಳವ್ವ ಗುಡಿಸಲಿನ ನೆರಳಿಗೆ ಕೈ ಮಾಡಿ ತೋರಿಸಿದಳು. ಬೂದಿ ಬಣ್ಣದ ಬೆಕ್ಕು ಅಲ್ಲಿ ಕೂತು, ಶ್ರದ್ಧೆಯಿಂದ ತನ್ನ ಹೊಟ್ಟೆ, ತೊಡೆ, ಪಾದ ಎಲ್ಲವನ್ನೂ ನೆಕ್ಕಿಕೊಳ್ಳುತ್ತಿತ್ತು. ನನಗೆ ಅದು ನೋಡಲು ಚಂದವೇ ಕಾಣಿಸಿತು. ಚುಚ್ಚುಮದ್ದಿನ ಕೆಲಸಕ್ಕೆ ಕೈಹಾಕಿದೆ. ಅರ್ಧ ಹಿಂಡು ಮುಗಿದಿರಬೇಕು, ಮಾಳವ್ವ ಚೀರಿದಳು. ಓಡಿಹೋಗಿ ನೋಡಿದರೆ ಬೆಕ್ಕು ಮಗ್ಗುಲಾಗಿ ಬಿದ್ದು, ನಾಲ್ಕೂ ಕಾಲು ಸೆಟೆದುಕೊಂಡು, ಬಾಯಿಯಿಂದ ನೊರೆ ಸುರಿಸುತ್ತಿತ್ತು. ಏನು ಮಾಡಬೇಕೆಂದು ನಾನು ಪೆಟ್ಟಿಗೆ ತೆರೆಯುವಷ್ಟರಲ್ಲಿ ಅದು ತಣ್ಣಗಾಯಿತು.

"ಅದ ನೀರಾಗ ನನ್ನ ಕುರಿ ಎಲ್ಲಾ ಮುಳುಗಿ ಎದ್ದಾವಲ್ರೀ ಸಾಹೇಬ್ರ, ಒಂದಕ್ಕೂ ಏನೂ ಆಗಿಲ್ಲ" ಎಂದು ಬೀರಪ್ಪ ಮತ್ತೆ ಮತ್ತೆ ಕೇಳಿದ. ಅವನ ಮುಖ ಕಪ್ಪಿಟ್ಟಿತ್ತು. ಮಾಳವ್ವ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಕಾಲೇಜಿನಲ್ಲಿ ಕುರಿಗೆ ಎಷ್ಟು ಔಷಧ, ದನಕ್ಕೆ ಎಷ್ಟು ಎಂದು ಕಲಿಸಿದ್ದರು. ಬೆಕ್ಕಿನ ಹೆಸರನ್ನೇ ಯಾರೂ ಎತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮಾನ್ವಿಗೆ ವರ್ಗವಾದ ಮೇಲೆ. ಅಲ್ಲಿ ನನ್ನ ಮೇಲಧಿಕಾರಿ ಕುಲಕರ್ಣಿ ಎಂಬ ಹಿರಿಯ ವೈದ್ಯರು. ಎತ್ತರದ ಆಳು, ಗುಡುಗಿನಂಥ ದನಿ. ಅವರು ಬರುವ ಸಪ್ಪಳ ಕೇಳಿದರೆ ಎತ್ತು ಹಿಡಿದು ನಿಂತ ರೈತರೂ ಬೀಡಿ ಆರಿಸುತ್ತಿದ್ದರು. ಒಂದು ಭಾನುವಾರ ಏನೋ ಸಹಿಗಾಗಿ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಒಳಗಿನ ನೋಟ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟೆ. ನಮ್ಮ ಗುಡುಗಿನ ಸಾಹೇಬರು ನೆಲದ ಮೇಲೆ ಪದ್ಮಾಸನ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿದ ಬೆಕ್ಕು. ಅದರ ಒಂದು ಕಾಲನ್ನು ಮಾತ್ರ ಹೊರಗೆ ತೆಗೆದು, ಹಿಂಡಿದ ಬಟ್ಟೆಯಿಂದ ಒರೆಸುತ್ತ, "ಆತವ್ವಾ, ಆತು, ಇಷ್ಟ ನೋಡು" ಎಂದು ಮಕ್ಕಳಿಗೆ ಹೇಳುವ ದನಿಯಲ್ಲಿ ರಮಿಸುತ್ತಿದ್ದಾರೆ!

ನನ್ನನ್ನು ಕಂಡು ದನಿ ಮೊದಲಿನಂತಾಯಿತು. "ಏನ್ ನೋಡ್ತೀರಿ? ಬರ್ರಿ, ಕೂಡ್ರಿ, ಕಲೀರಿ."

ಕಲಿತೆ. ತುರಿಕೆ ಹತ್ತಿದ ಬೆಕ್ಕನ್ನು ನೀರಿಗೆ ಇಳಿಸಬಾರದು. ಅದು ಹೆದರುತ್ತದೆ, ಪರಚುತ್ತದೆ, ತಣ್ಣಗಾಗಿ ನಡುಗುತ್ತದೆ, ಕೆರೆದು ಗಾಯವಾದ ಚರ್ಮ ಇನ್ನಷ್ಟು ಉರಿಯುತ್ತದೆ. ಮೊದಲು ಸಣ್ಣ ಹಲ್ಲಿನ ಬಾಚಣಿಗೆಯಿಂದ ಮೆಲ್ಲಗೆ ಬಾಚಿ ಹೇನು, ಚಿಗಟ ಇವೆಯೇ ನೋಡಬೇಕು. ಗೋಧಿಯ ಬೂಸಾವನ್ನು ಹಂಚಿನ ಮೇಲೆ ಉಗುರುಬೆಚ್ಚಗೆ ಮಾಡಿ, ಕೂದಲಿನ ಬುಡಕ್ಕೆ ಮುಟ್ಟುವಂತೆ ತಿಕ್ಕಿ, ಮತ್ತೆ ಬಾಚಿ ಉದುರಿಸಬೇಕು. ಜಿಡ್ಡು, ಹೊಲಸು, ಹೊಟ್ಟು ಎಲ್ಲ ಅದರ ಸಂಗಡ ಬರುತ್ತದೆ. ಆಮೇಲೆ ಬಿಸಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಿಳಿ ಬಟ್ಟೆಯಿಂದ ಒಂದೊಂದೇ ಭಾಗ ಒರೆಸುವುದು, ಒರೆಸಿದ್ದನ್ನು ಒಣ ಬಟ್ಟೆಯಿಂದ ಒತ್ತುವುದು, ಆಮೇಲೆ ಮುಂದಿನ ಭಾಗಕ್ಕೆ ಹೋಗುವುದು. ಸಾಬೂನಿಲ್ಲ, ಫಿನಾಯಿಲ್ ಇಲ್ಲ, ಸೀಮೆಎಣ್ಣೆ ಇಲ್ಲ.

"ಬಿಳೀ ಬಟ್ಟಿನ ಯಾಕ್ರೀ ಸರ್?" ಎಂದೆ.

"ಏನ್ ಬಂತು ಅಂತ ಕಾಣಬೇಕಲ್ಲ ನಿಮಗ" ಎಂದರು. "ಇನ್ನೊಂದು ತಿಳ್ಕೋರಿ. ಕುರಿ ಮೈಮ್ಯಾಲೆ ಹಾಕಿದ್ದು ಮೈಮ್ಯಾಲೆ ಇರತದ. ಬೆಕ್ಕಿನ ಮೈಗೆ ಏನ್ ಹಚ್ಚತೀರಿ, ಅದು ಸಂಜೀ ಒಳಗ ಬೆಕ್ಕಿನ ಹೊಟ್ಟ್ಯಾಗ ಇರತದ. ಅದಕ್ಕ ನಾಲಿಗಿನ ಟವೆಲ್, ನಾಲಿಗಿನ ಬಾಚಣಿಕಿ."

ಮಸರಕಲ್ಲಿನ ನೆರಳಿನಲ್ಲಿ ಕೂತು ನೆಕ್ಕಿಕೊಳ್ಳುತ್ತಿದ್ದ ಆ ಬೆಕ್ಕು ಕಣ್ಣಿಗೆ ಕಟ್ಟಿತು. ನನ್ನ ಕಣ್ಣೆದುರಿಗೇ ಅದು ವಿಷ ತಿನ್ನುತ್ತಿತ್ತು, ನಾನು ಚಂದವೆಂದು ನೋಡುತ್ತಿದ್ದೆ. ಕುಲಕರ್ಣಿ ಸಾಹೇಬರಿಗೆ ಅದನ್ನು ಹೇಳಿದೆ. ಅವರು ಗದರಿಸಲಿಲ್ಲ. ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಹಿಂಗಾಲು ನೀವು ಒರಸ್ರಿ" ಎಂದರು.

ಮುಂದೆ ರಾಯಚೂರಿಗೆ ಬಂದೆ. ಈಗ ಹೇಳುವುದು ಅಲ್ಲಿಯ ಮಾತು.

ಚಳಿಗಾಲದ ಒಂದು ಮುಂಜಾನೆ, ಎಮ್ಮೆ ಎತ್ತುಗಳ ಸಾಲು ದವಾಖಾನೆಯ ಗೇಟಿನವರೆಗೂ ಇತ್ತು. ಆ ಸಾಲಿನಲ್ಲಿ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು, ಮುಚ್ಚಳದ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಎರಡು ಎಮ್ಮೆಗಳ ನಡುವೆ ನಿಂತಿದ್ದರು. ಒಳಗೆ ಕರೆಸಿದೆ. ಹೆಸರು ಹಾಜಿರಾಬಿ. ಕೋಟೆಯ ಹಿಂದಿನ ಓಣಿಯವರು. ಮಗ ಮಹಬೂಬ್ ಸಾಬ್ ಬಜಾರಿನಲ್ಲಿ ಹಳೆಯ ಗೋಣಿಚೀಲಗಳನ್ನು ಕೊಂಡು ಮಾರುವ ವ್ಯಾಪಾರಿ. ಬುಟ್ಟಿಯಲ್ಲಿ ಒಂದು ಬಿಳಿ ಬೆಕ್ಕು.

"ಇದರ ಹೆಸರು ಶಕ್ಕರ್ ಅಂತ ಡಾಕ್ಟರ್ ಸಾಬ್" ಎಂದರು. ಮನೆಯಲ್ಲಿ ದಖ್ಖನಿ ಉರ್ದು ಆಡುವವರು, ಆದರೆ ಕನ್ನಡ ನಮ್ಮಷ್ಟೇ ಸಲೀಸು. "ಮೈ ಎಲ್ಲಾ ಕೆರಕೊಂಡು ಕೆರಕೊಂಡು ಹಣ್ಣಾಗ್ಯದ. ನಮ್ಮ ಸೊಸಿ ಶಾಹೀನಗ ಇದನ್ನ ಕಂಡ್ರ ಆಗಂಗಿಲ್ಲ. ಕೂಸಿಗೆ ಇದರಿಂದನ ತುರಿಕಿ ಹತ್ತ್ಯದ ಅಂತಾಳ. ಇವತ್ತು ಸಂಜೀಕ ನನ್ನ ಮಗ ಇದನ್ನ ದೇವಸುಗೂರು ಬ್ರಿಜ್ ದಾಟಿಸಿ ಹೊಳಿ ಆ ಕಡಿ ಬಿಟ್ಟು ಬರ್ತಾನಂತ. ನೀವು ಜಳಕ ಮಾಡಿಸಿ ಸ್ವಚ್ಛ ಮಾಡಿಕೊಟ್ರ, ನೋಡ್ರಿ ಏನೂ ಇಲ್ಲ ಅಂತ ನಾನು ಅವರಿಗೆ ತೋರಸ್ತೀನಿ. ನನ್ನ ಮಗ್ಗಲಾಗ ಬೆಳದದ್ದು ಇದು."

"ಜಳಕ ಬ್ಯಾಡ್ರೀ ಅಮ್ಮಾ, ಒರಸೂಣು" ಎಂದೆ.

ಟವೆಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟುಕೊಂಡೆ. ಕೈಗೆ ಸಿಕ್ಕಾಗಲೇ ಏನೋ ಸರಿಯಿಲ್ಲ ಎನಿಸಿತು. ಬೆಕ್ಕಿನ ಕಿವಿ ಬಿಟ್ಟುಬಿಟ್ಟು ಅದುರುತ್ತಿತ್ತು. ಬೆನ್ನ ಚರ್ಮದ ಮೇಲೆ ನೀರಿನ ಅಲೆಯ ಹಾಗೆ ನಡುಕ ಹರಿದು ಹೋಗುತ್ತಿತ್ತು. ಚಳಿಗೆ ಹೀಗೆ ಆಗುವುದಿಲ್ಲ. ಬಾಚಿದೆ. ಚಿಗಟವಿಲ್ಲ, ಹೇನಿಲ್ಲ. ಬೆನ್ನಿನ ಕೂದಲು ಚೊಕ್ಕಟವಾಗಿದೆ, ಹೊಟ್ಟೆ ಮತ್ತು ತೊಡೆಯ ಒಳಭಾಗ ಮಾತ್ರ ಕೆಂಡದ ಹಾಗೆ ಕೆಂಪು. ಬೂಸಾ ತಿಕ್ಕಿ ಬಾಚಿದಾಗ ಹೊಟ್ಟೆಯ ಕಡೆಯಿಂದ ಮಾಸಲು ಬಿಳಿಯ ಸಣ್ಣ ಪುಡಿ ಉದುರಿತು. ಹೊಟ್ಟಿರಬೇಕೆಂದುಕೊಂಡೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದೆ.

ಆಗ ಆ ವಾಸನೆ ಮೂಗಿಗೆ ಬಡಿಯಿತು.

ಕೈ ಅಲ್ಲೇ ನಿಂತಿತು. ಬಟ್ಟೆಯನ್ನು ಹತ್ತಿರ ತಂದು ಮೂಸಿದೆ. ಸಂಶಯವೇ ಇರಲಿಲ್ಲ. ದನಗಳ ಉಣ್ಣಿಗೆ ನಾವು ದಿನಾ ಎರಚುತ್ತಿದ್ದ ಪುಡಿ. ಮುಗ್ಗಲು ಹಿಡಿದ ಹಾಗೆ, ಗಂಟಲಿಗೆ ಕೂರುವ ಆ ವಾಸನೆ ನನ್ನ ಅಂಗಿಗೆ, ನನ್ನ ಚೀಲಕ್ಕೆ, ನನ್ನ ಊಟದ ಡಬ್ಬಿಗೂ ಅಂಟಿದ್ದ ಕಾಲ ಅದು.

"ಅಮ್ಮಾ, ನಿಮ್ಮ ಮನ್ಯಾಗ ದನ ಅದಾವೇನ್ರೀ?"

"ಇಲ್ಲಲ್ರೀ. ಓಣ್ಯಾಗ ಜಾಗಾ ಎಲ್ಲದ?"

"ಮತ್ತ ಈ ಬೆಕ್ಕು ಎಲ್ಲಿ ಮಲಗತದ?"

"ಮೊದಲ ನನ್ನ ಹತ್ರ ಮಲಗತಿತ್ತು. ಚಳಿ ಬಿದ್ದ ಮ್ಯಾಲೆ ಮುನ್ನಿ ಗಾದ್ಯಾಗ ಹೋಗಿ ಮಲಗತದ. ಹೊಸಾ ಗಾದಿ, ಬೆಚ್ಚಗಿರತದ."

"ಮುನ್ನಿ ಅಂದ್ರ?"

"ಮೊಮ್ಮಗಳು. ಈಗ ನಡಿಯಾಕ ಕಲ್ತಾಳ. ಅದಕ್ಕೂ ಇದರ ಹಂಗ ಹೊಟ್ಟಿ, ತೊಡಿ ಕೆಂಪಗಾಗ್ಯಾವ. ನಿನ್ನಿಯಿಂದ ಕೈಕಾಲು ಝಾಡಸಾಕತ್ತ್ಯದ. ಗಾಳಿ ಸೋಕ್ಯದ ಅಂತ ತಾಯತ ಕಟ್ಟೀವಿ."

ಮೇಜಿನ ಮೇಲೆ ಕಿವಿ ಅದುರಿಸುತ್ತ ಮಲಗಿದ್ದ ಬೆಕ್ಕನ್ನು ನೋಡಿದೆ, ಆ ಮುದುಕಿಯ ಮುಖ ನೋಡಿದೆ. ಬೆಕ್ಕಿನಿಂದ ಕೂಸಿಗೆ ಏನೂ ಬಂದಿರಲಿಲ್ಲ. ಎರಡಕ್ಕೂ ಒಂದೇ ಕಡೆಯಿಂದ ಬಂದಿತ್ತು. ಬೆಕ್ಕನ್ನು ಟವೆಲಿನಲ್ಲಿ ನೆಕ್ಕಲಾಗದಂತೆ ಬಿಗಿದು ನಮ್ಮ ಕಂಪೌಂಡರ್ ಕೈಗೆ ಕೊಟ್ಟೆ. "ಒರಸೂದು ಮುಗಸ್ರಿ, ನಾಲಿಗಿ ಮೈಗೆ ತಾಕಬಾರದು" ಎಂದಷ್ಟೇ ಹೇಳಿ, ಹಾಜಿರಾಬಿಯವರನ್ನು ಟಾಂಗಾದಲ್ಲಿ ಕೂರಿಸಿಕೊಂಡು ಹೊರಟೆ. ಸಾಲಿನಲ್ಲಿದ್ದವರು ಕೂಗಾಡಿದರು. ತಿರುಗಿಯೂ ನೋಡಲಿಲ್ಲ. ದಾರಿಯಲ್ಲಿ ಹಾಜಿರಾಬಿ, "ಏನಾಗ್ಯದ? ಹೇಳ್ರಿ, ಏನಾಗ್ಯದ?" ಎಂದು ಕೇಳುತ್ತಲೇ ಇದ್ದರು. "ಮೊದಲ ಗಾದಿ ನೋಡಬೇಕ್ರೀ" ಎಂದೆ.

ಮನೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಹಾಜಿರಾಬಿ ಅದನ್ನು ಸರಿಸಿದರು. ಒಳಗೆ ಕಂಡದ್ದನ್ನು ಇಂದಿಗೂ ಮರೆಯಲಾಗಿಲ್ಲ. ಹರೆಯದ ತಾಯಿ, ಶಾಹೀನ್, ಕೂಸನ್ನು ಒಂದು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಿಂದ ಸಣ್ಣ ಗಾದಿಯ ಮೇಲಿನ ಚಾದರ ಎತ್ತಿ, ಮಲಮಲ್ ಬಟ್ಟೆಯ ಗಂಟಿನಿಂದ ಪುಡಿ ಉದುರಿಸುತ್ತಿದ್ದಳು. ಹೆಣ್ಣುಮಕ್ಕಳು ಮುಖಕ್ಕೆ ಪೌಡರ್ ಹಚ್ಚುವಷ್ಟು ಮೃದುವಾಗಿ, ಗಾದಿಯ ಒಂದು ಮೂಲೆಯನ್ನೂ ಬಿಡದ ಹಾಗೆ ತಟ್ಟಿ ತಟ್ಟಿ ಉದುರಿಸುತ್ತಿದ್ದಳು.

"ಹಾಕಬ್ಯಾಡ್ರೀ!" ಎಂದು ನಾನು ಕೂಗಿದ ರಭಸಕ್ಕೆ ಗಂಟು ಅವಳ ಕೈಯಿಂದ ಬಿತ್ತು.

ಪರ ಗಂಡಸು ಒಳಗೆ ಬಂದನೆಂದು ಅವಳು ಸೆರಗು ಎಳೆದುಕೊಂಡಳು. ಅತ್ತೆ ನಾನು ಯಾರೆಂದು ಹೇಳಿದರು. "ಯಾಕ್ರೀ?" ಎಂದಳು ಶಾಹೀನ್, ಗಾಬರಿಯಲ್ಲಿ. "ತಿಗಣಿಗೆ ಹಾಕಾಕತ್ತೀನಿ. ಅಂಗಡಿ ಚೀಲದಾಗಿಂದ ತಿಗಣಿ ಮನಿಗೆ ಬಂದಾವ. ಕೂಸಿಗೆ ಕಡೀತಾವ, ನೋಡ್ರಿ ಮೈ ಹೆಂಗಾಗ್ಯದ. ಹಾಕಿದಷ್ಟೂ ಜಾಸ್ತಿನ ಆಗಾಕತ್ತ್ಯದ, ಅದಕ್ಕ ದಿನಾ ಹಾಕ್ತೀನಿ."

ಗಂಡ ಗೋಣಿಚೀಲದ ಗೋದಾಮಿಗೆಂದು ತಂದ ಅದೇ ಉಣ್ಣಿ ಪುಡಿಯ ಡಬ್ಬಿಯಿಂದ ಅವಳು ತೆಗೆದುಕೊಂಡಿದ್ದಳು. ಕೂಸು ತುರಿಸಿಕೊಂಡಷ್ಟೂ ತಿಗಣೆ ಸತ್ತಿಲ್ಲವೆಂದು ತಿಳಿದು ಇನ್ನಷ್ಟು ಹಾಕಿದ್ದಳು. ನಾನು ಅದು ತುರಿಕೆಯ ಔಷಧವಲ್ಲ, ತುರಿಕೆಯೇ ಅದರಿಂದ ಬಂದದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಸೊಂಟದ ಮೇಲಿದ್ದ ಮುನ್ನಿಯ ಕಣ್ಣು ಮೇಲಕ್ಕೆ ಸರಿದವು. ಮುಷ್ಟಿ ಬಿಗಿದವು. ಇಡೀ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು.

ಮಸರಕಲ್ಲಿನಲ್ಲಿ ನೋಡಿದ್ದೇ ಇಲ್ಲಿ, ಮನುಷ್ಯರ ಕೂಸಿನ ಮೈಯಲ್ಲಿ.

ಶಾಹೀನಳ ಚೀರಾಟಕ್ಕೆ ಓಣಿಯೇ ಬಾಗಿಲಿಗೆ ಬಂತು. ಬಾಯಿಗೆ ಏನೂ ಹಾಕದೆ ಕೂಸನ್ನು ಮಗ್ಗುಲಾಗಿ ಹಿಡಿಯಲು ಹೇಳಿದೆ. ಸೆಟೆತ ಸಡಿಲಾದ ತಕ್ಷಣ ಹಾಜಿರಾಬಿಗೆ, "ಅಂಗಿ, ತಾಯತದ ದಾರ ಎಲ್ಲಾ ತಗೀರಿ, ಸಾಬೂನ ಹಚ್ಚಿ ನೀರು ಹಾಕ್ರಿ, ಲಗೂ" ಎಂದೆ. ಬೆಕ್ಕಿಗೆ ಬೇಡವೆಂದ ಜಳಕವೇ ಕೂಸಿಗೆ ಬೇಕಾಗಿತ್ತು. ಹಾಜಿರಾಬಿ ಬಚ್ಚಲಲ್ಲಿ ಕೂತು ಸರಸರನೆ ತೊಳೆದು, ತನ್ನ ಒಗೆದ ಸೀರೆಯಲ್ಲಿ ಸುತ್ತಿಕೊಂಡು ಟಾಂಗಾ ಹತ್ತಿದರು. ಪುಡಿಯ ಡಬ್ಬಿಯನ್ನು ನಾನು ಕೈಯಲ್ಲಿ ಹಿಡಿದುಕೊಂಡೆ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ಡಬ್ಬಿ ತೋರಿಸಿ ನಡೆದದ್ದು ಹೇಳಿದೆ. ಅವರು ಒಂದು ಕ್ಷಣವೂ ಕಳೆಯಲಿಲ್ಲ, ಸೆಟೆತ ನಿಲ್ಲುವ ಚುಚ್ಚುಮದ್ದು ಕೊಟ್ಟು ಒಳಗೆ ಕರೆದೊಯ್ದರು. "ಉಳೀತದೇನ್ರೀ?" ಎಂದು ಹಾಜಿರಾಬಿ ಕೇಳಿದ್ದಕ್ಕೆ, "ಈಗ ಏನೂ ಹೇಳಾಕ ಬರಂಗಿಲ್ಲಮ್ಮ" ಎಂದರು.

ಸುದ್ದಿ ತಿಳಿದು ಮಹಬೂಬ್ ಸಾಬ್ ಓಡಿಬಂದ. ವಿಷಯ ಕೇಳಿದವನೇ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ಕೈಯಾರೆ ಕೂಸಿಗೆ ವಿಷ ಹಾಕಿದಿ! ಬೆಕ್ಕು ಬೆಕ್ಕು ಅಂತ ಮನಿ ತಲಿಮ್ಯಾಲ ಹೊತ್ತಿದ್ದಿ. ನೋಡೀಗ ಯಾರು ಮಾಡ್ಯಾರ!"

ನಮ್ಮ ಸಂಗಡವೇ ಬಂದಿದ್ದ ಶಾಹೀನ್ ತನ್ನ ಅಂಗೈಗಳನ್ನು ನೋಡಿಕೊಂಡಳು. ತಿಂಗಳಿಂದ ಅತ್ತೆಗೂ ಅವಳಿಗೂ ಆ ಬೆಕ್ಕಿನ ಸಲುವಾಗಿ ಮಾತೇ ಇರಲಿಲ್ಲವೆಂದು ಬೆಳಿಗ್ಗೆ ಹಾಜಿರಾಬಿಯೇ ಹೇಳಿದ್ದರು. ಈಗ ಆ ಮುದುಕಿ ಏನು ಅಂದರೂ ನಡೆಯುತ್ತಿತ್ತು. ಅವರು ಎದ್ದು ಮಗನ ಎದುರು ನಿಂತರು.

"ಬಾಯಿ ಮುಚ್ಚೋ ಮಹಬೂಬ್. ತಿಗಣಿ ತಂದಾಂವ ನೀನು, ಡಬ್ಬಿ ತಂದಾಂವ ನೀನು. ಇದನ್ನ ಮುಟ್ಟಬ್ಯಾಡ ಅಂತ ಅಕಿಗೆ ಒಂದ್ ಮಾತ ಹೇಳಿದ್ದೆ?"

ಅವನ ಸಿಟ್ಟು ಎಲ್ಲಿಯಾದರೂ ಹೋಗಬೇಕಲ್ಲ. ಮನೆಗೆ ಹೋಗಿ ಗಾದಿಯನ್ನು ಓಣಿಗೆ ಎಳೆದು ಸೀಮೆಎಣ್ಣೆ ಸುರಿದು ಕಡ್ಡಿ ಗೀರುತ್ತಿದ್ದ. ನಾನು ಹಿಂದೆಯೇ ಹೋದದ್ದು ಒಳ್ಳೆಯದಾಯಿತು. ಆ ಹೊಗೆ ಕುಡಿಯಲೆಂದೇ ನಿಂತವರ ಹಾಗೆ ಓಣಿಯ ಮಕ್ಕಳೆಲ್ಲ ಸುತ್ತ ನೆರೆದಿದ್ದರು. ಕಡ್ಡಿ ಕಿತ್ತುಕೊಂಡು, ಊರ ಹೊರಗೆ ಬಾವಿ ಹಳ್ಳಗಳಿಂದ ದೂರದಲ್ಲಿ ಆಳವಾಗಿ ಗುಂಡಿ ತೋಡಿಸಿ ಹೂಳಿಸಿದೆ. ಡಬ್ಬಿಯಲ್ಲಿ ಉಳಿದ ಪುಡಿಯೂ ಅಲ್ಲಿಗೇ ಹೋಯಿತು. ಈಗಿನವರಿಗೆ ಇದಕ್ಕಿಂತ ಒಳ್ಳೆಯ ದಾರಿಗಳು ಗೊತ್ತಿವೆ. ನಮಗೆ ಆಗ ತಿಳಿದದ್ದು ಅಷ್ಟು.

ಬೆಕ್ಕಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಶಕ್ಕರನನ್ನು ಕೆಲವು ದಿನ ನಮ್ಮ ದವಾಖಾನೆಯ ಕತ್ತಲೆ ಕೋಣೆಯಲ್ಲಿ ಇಟ್ಟುಕೊಂಡೆವು. ಸಪ್ಪಳವಾದರೆ ಬೆಚ್ಚಿ ಸೆಟೆಯುತ್ತಿತ್ತು. ದಿನವೂ ಬೂಸಾ ತಿಕ್ಕಿ ಬಾಚಿ, ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗುವವರೆಗೆ ಸುತ್ತಿಟ್ಟು, ಆಮೇಲೆ ಬಿಡುತ್ತಿದ್ದೆವು. ಮೊದಲು ನಡುಕ ಹೋಯಿತು, ಆಮೇಲೆ ತುರಿಕೆ. ಹಾಲು ಕುಡಿಯಿತು, ಕಂಪೌಂಡರನ ಮೀನಿನ ಬುತ್ತಿಗೆ ಬಾಯಿ ಹಾಕಿತು. ಗುಣವಾಯಿತೆಂದು ಗೊತ್ತಾದದ್ದು ಅವನ ಬೈಗುಳದಿಂದ. ಹಾಜಿರಾಬಿ ಬುಟ್ಟಿ ತಂದು ಅದನ್ನು ಮನೆಗೆ ಒಯ್ದರು, ಬ್ರಿಜ್ಜಿನ ಮಾತು ಮತ್ತೆ ಬರಲಿಲ್ಲ. ಅದಾದ ಮೇಲೆ ನಾನು ಯಾರ ಕೈಗೂ ಉಣ್ಣಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ಕೊಡಲಿಲ್ಲ. ದನಕ್ಕೆ ಬೇಕಾದರೆ ದನವನ್ನೇ ಕರೆತನ್ನಿ ಎನ್ನುತ್ತಿದ್ದೆ. ಮೇಲಿನವರೊಬ್ಬರು, ಜನರಿಗೆ ತ್ರಾಸು ಕೊಡುತ್ತೀರೆಂದು ನನ್ನನ್ನು ಕರೆದು ಕೇಳಿದರು. ಮುನ್ನಿಯ ಕಥೆ ಹೇಳಿದೆ. ಅವರ ಮನೆಯಲ್ಲೂ ತಿಗಣೆಗೆ ಅದನ್ನೇ ಹಾಕುತ್ತಿದ್ದರಂತೆ. ಮಾತು ಅರ್ಧಕ್ಕೇ ನಿಲ್ಲಿಸಿ, ಟೋಪಿ ಹಾಕಿಕೊಂಡು ಮನೆಗೆ ಹೊರಟುಹೋದರು.

ಮುನ್ನಿಯ ಸೆಟೆತ ನಿಂತಿತೆಂದು ತಿಳಿದ ದಿನ ಆಸ್ಪತ್ರೆಗೆ ಹೋದೆ. ಕೂಸು ಅಜ್ಜಿಯ ತೊಡೆಯ ಮೇಲೆ ಕೂತು, ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿಸಿಕೊಂಡು ತಿನ್ನುತ್ತಿತ್ತು. ಕಣ್ಣು ಸೋತಿದ್ದವು, ಆದರೆ ನೋಡುವುದನ್ನು ನೋಡುತ್ತಿದ್ದವು. ಶಾಹೀನ್ ಎಲ್ಲೂ ಕಾಣಲಿಲ್ಲ.

"ಸೊಸಿ ಎಲ್ರೀ ಅಮ್ಮಾ?"

ಹಾಜಿರಾಬಿ ಗದ್ದ ಎತ್ತಿ ವರಾಂಡದ ಕೊನೆಯ ನಲ್ಲಿಯ ಕಡೆಗೆ ತೋರಿಸಿದರು. ಶಾಹೀನ್ ಅಲ್ಲಿ ನಿಂತು ಕೈ ತೊಳೆಯುತ್ತಿದ್ದಳು. "ಅವತ್ತಿಂದ ಅದನ್ನ ಮಾಡಾಕತ್ತ್ಯಾಳ. ಕೂಸನ್ನ ಮುಟ್ಟವಲ್ಲಳು. ಅಳತದ, ಕೈ ಚಾಚತದ, ಇಕಿ ಹಿಂದ ಸರೀತಾಳ."

ನನ್ನನ್ನು ನೋಡಿ ಅವಳು ಹತ್ತಿರ ಬಂದು, ಸ್ವಲ್ಪ ದೂರದಲ್ಲೇ ನಿಂತಳು. ಬೆರಳ ಸಂದುಗಳೆಲ್ಲ ಬಿರಿದು ಕೆಂಪಾಗಿದ್ದವು. ಅವಳು ಕೇಳಿದ್ದು ಮಕ್ಕಳ ಡಾಕ್ಟರನ್ನಲ್ಲ, ದನದ ಡಾಕ್ಟರನ್ನು. ವಾಸನೆ ಹಿಡಿದವನು ನಾನೆಂದು ಇರಬೇಕು.

"ಡಾಕ್ಟರ್ ಸಾಬ್, ಇನ್ನ ನಾ ಮುಟ್ಟಬಹುದೇನ್ರೀ?"

ನಾನು ಹೂಂ ಎನ್ನುವ ಮೊದಲೇ ಹಾಜಿರಾಬಿ ಬಿಸ್ಕತ್ತು ಕೆಳಗಿಟ್ಟರು. ಸೊಸೆಯ ಎರಡೂ ಕೈಗಳನ್ನು ಹಿಡಿದು ಎಳೆದುಕೊಂಡು, ತಮ್ಮ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದರು. ಒಂದು ಅಂಗೈ, ಆಮೇಲೆ ಇನ್ನೊಂದು.

"ಸಾಬೂನದ ವಾಸನಿ ಬರತದ, ಅಷ್ಟ" ಎಂದರು. "ತಗೋ ಬೇಟೀ."

ಮತ್ತೆ ಮಾತಿಗೆ ಎಡೆಗೊಡದೆ ಕೂಸನ್ನು ಎತ್ತಿ ಆ ಕೈಗಳಲ್ಲಿ ಇಟ್ಟುಬಿಟ್ಟರು.